ಮಗಳು ಅರ್ಧಕ್ಕೆ ಬಿಟ್ಟ ಎಂ.ಎ.

ಹಾರವಾಡದ ಮೀನುಗಾರರ ಕೇರಿಯಲ್ಲಿ ಲತಾ ಎಂದರೆ ಹೊಲಿಗೆಯ ಲತಕ್ಕ. ಅಂಕೋಲೆಯ ಕಾಲೇಜಿನಲ್ಲಿ ಬಿ.ಎ. ಮಾಡಿದವಳು ಅನ್ನುವುದು ಅವಳಿಗೇ ಮರೆತುಹೋದಂತಿತ್ತು. ಗಂಡ ಜಟ್ಟು ದೋಣಿಗೆ ಹೋಗುವವನು, ಮಾತು ಕಡಿಮೆ, ಅಕ್ಷರ ಇನ್ನೂ ಕಡಿಮೆ. ಒಬ್ಬಳೇ ಮಗಳು ನಿಶಾ ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿಬಂದು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಳು.

ಕಾರವಾರದ ಹತ್ತಿರ ನೌಕಾನೆಲೆ ಬಂದಾಗ ಅರ್ಗಾ ಊರಿನ ಕಡೆಯಿಂದ ಮನೆ ಬಿಟ್ಟು ಪುನರ್ವಸತಿ ಕಾಲೊನಿಗೆ ಬಂದ ಜನರ ಬಗ್ಗೆ ನಿಶಾ ಕಿರುಪ್ರಬಂಧ ಬರೆಯಬೇಕಿತ್ತು. ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಕಾಶಿ ಎಂಬ ಮುದುಕಿಯ ಬಳಿ ಕೂತು ಬರುತ್ತಿದ್ದಳು. ಅಜ್ಜಿ ಏನು ಹೇಳಿತು ಎಂದು ಲತಾ ಕೇಳಿದರೆ, ಮೊದಲು ಪೂರ್ತಿ ಕೇಳಬೇಕು, ಬರೆಯುವುದು ಆಮೇಲೆ ಅನ್ನುತ್ತಿದ್ದಳು. ಮೊಬೈಲು ಹಿಡಿದರೆ ಅಜ್ಜಿಯ ಬಾಯಿ ಕಟ್ಟುತ್ತದೆಂದು ರೆಕಾರ್ಡೂ ಮಾಡಿರಲಿಲ್ಲ.

ಆ ಮಳೆಗಾಲದಲ್ಲಿ ನಿಶಾಳಿಗೆ ಜ್ವರ ಬಂತು. ಮಾಮೂಲಿ ಜ್ವರವೆಂದು ಮಾತ್ರೆ ನುಂಗಿ ತರಗತಿಗೂ ಹೋದಳು. ಕಣ್ಣು ಹಳದಿಯಾದ ಮೇಲೆ ಇಲಿಜ್ವರ ಎಂದು ಗೊತ್ತಾಯಿತು. ಮಣಿಪಾಲಕ್ಕೆ ಒಯ್ಯುವಾಗ, ಆಂಬ್ಯುಲೆನ್ಸು ಹೊನ್ನಾವರ ಮುಟ್ಟುವ ಮೊದಲೇ, ತಾಯಿಯ ಕೈ ಹಿಡಿದುಕೊಂಡೇ ಹೋಗಿಬಿಟ್ಟಳು.

ಲತಾಳ ಹೊಲಿಗೆ ಯಂತ್ರದ ಮೇಲೆ ತಿಂಗಳುಗಟ್ಟಲೆ ಬಟ್ಟೆ ಹೊದಿಸಿಯೇ ಇತ್ತು. ಕೊನೆಗೊಂದು ದಿನ ಮಗಳು ತಂದಿಟ್ಟಿದ್ದ ಗ್ರಂಥಾಲಯದ ಪುಸ್ತಕಗಳನ್ನು ಹಿಂತಿರುಗಿಸಲು ಅವಳು ಕಾರವಾರಕ್ಕೆ ಹೋದಳು. ನಿಶಾಳಿಗೆ ಕಲಿಸಿದ ವಿನುತಾ ಮೇಡಂ ಹೊರಗೆ ಬಂದು ಕೂರಿಸಿಕೊಂಡರು. ಮಗಳ ಪ್ರಬಂಧವನ್ನು ತಾನು ಮುಗಿಸಿಕೊಟ್ಟರೆ ಆದೀತೇ ಎಂದು ಲತಾ ಕೇಳಿದಳು. ಹಾಗೆ ನಿಯಮವಿಲ್ಲ ಎಂದರು ಮೇಡಂ. ನೀವೇ ಎಂ.ಎ.ಗೆ ಸೇರಿಕೊಂಡರೆ ಬೇರೆ ಮಾತು ಎಂದೂ ಹೇಳಿದರು.

ಜಟ್ಟು ಒಂದೇ ಮಾತು ಹೇಳಿದ. "ನೀ ಓದ್ರೆ ನಿಶಾ ತಿರುಗಿ ಬರೂದಿಲ್ಲ."

ಗೊತ್ತು ಎಂದಳು ಲತಾ. ಮರುವರ್ಷ ಸೇರಿದಳು.

ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮಗಳ ವಯಸ್ಸಿನ ಹುಡುಗಿಯರು ಮೊದಮೊದಲು ಆಂಟಿ ಎನ್ನುತ್ತಿದ್ದರು, ಆಮೇಲೆ ಅಕ್ಕ ಎಂದರು. ಅವರು ನಗುವಾಗ ಅವಳು ಕಿಟಕಿಯ ಕಡೆ ತಿರುಗುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಹೋಯಿತು, ಮತ್ತೆ ಕಟ್ಟಿದಳು. ಬೆಳಿಗ್ಗೆ ಅಡುಗೆ ಮುಗಿಸಿ ಬಸ್ಸು ಹತ್ತುವುದು, ಸಂಜೆ ಬಂದು ಜಂಪರು ಹೊಲಿಯುವುದು, ಇದೇ ಆಯಿತು.

ಎರಡನೇ ವರ್ಷ ಮಗಳ ವಿಷಯವನ್ನೇ ತೆಗೆದುಕೊಂಡು ಕಾಲೊನಿಗೆ ಹೋದಳು. ಕಾಶಿ ಜಗಲಿಯ ಮೇಲೆ ಒಣಮೀನು ಆರಿಸುತ್ತ ಕೂತಿದ್ದಳು. ಬಿಟ್ಟುಬಂದ ಊರಿನ ವಿಷಯ ತೆಗೆದದ್ದೇ ತಲೆಯಾಡಿಸಿದಳು.

"ಒಂದು ಪೋರಿಗೆ ಎಲ್ಲ ಹೇಳಿ ಆಯ್ತು ತಂಗಿ. ಹೇಳೂ ಮುಂದೆ ಮತ್ತೊಂದ್ಸಲ ಮನೆ ಬಿಟ್ಟ ಹಂಗೇ ಆಯ್ತು. ಇನ್ನು ನನ್ನ ಕೈಲಾಗೂದಿಲ್ಲ."

"ಅದು ನನ್ನ ಮಗಳು," ಎಂದಳು ಲತಾ. "ತೀರಿಕೊಂಡ್ತು."

ಮುದುಕಿಯ ಕೈ ನಿಂತಿತು. ಆಮೇಲೆ ಕಾಶಿ ಹೇಳಿದ್ದು ಊರಿನ ಕಥೆಯನ್ನಲ್ಲ. ನಿಶಾ ಬಂದಾಗ ಬಂಗಡೆ ಸಾರಿಗೆ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡದ್ದು, ಬೇಡವೆಂದರೂ ತಾಟು ತೊಳೆದಿಟ್ಟದ್ದು, ಮೇಲೇಳಲಾಗದೆ ಕೂತ ತನ್ನ ತಲೆ ಬಾಚಿ ಗಂಟು ಕಟ್ಟಿಕೊಟ್ಟದ್ದು. ಮನೆಯಲ್ಲಿ ಮಗಳು ತನ್ನ ತಲೆಯನ್ನೂ ಸರಿಯಾಗಿ ಬಾಚಿಕೊಳ್ಳುತ್ತಿರಲಿಲ್ಲ. ಲತಾ ಅದನ್ನು ಕೇಳಿಕೊಂಡು ಎದ್ದು ಬಂದಳು. ಮಗಳು ಕೇಳಿಸಿಕೊಂಡದ್ದು ಮಗಳ ಜೊತೆಗೇ ಹೋಗಿದೆ ಎಂಬುದು ಅವಳಿಗೆ ಅವತ್ತು ಖಚಿತವಾಯಿತು.

ಕಾಲೊನಿಯ ಬೇರೆ ಮನೆಗಳವರು ಮಾತಾಡಿದರು. ಅದನ್ನೇ ಕೂಡಿಸಿ ಪ್ರಬಂಧ ಬರೆದಳು. ಕಾಶಿಯ ಬಗ್ಗೆ ಒಂದೇ ಸಾಲು, ಈಕೆ ಒಮ್ಮೆ ಹೇಳಿದ್ದಾಳೆ, ಈಗ ಹೇಳುವುದಿಲ್ಲ ಎಂದು. ಇದು ಆಧಾರವಾಗುವುದಿಲ್ಲ, ತೆಗೆಯಬಹುದು ಎಂದರು ವಿನುತಾ ಮೇಡಂ. ಲತಾ ತೆಗೆಯಲಿಲ್ಲ.

ಅವಳನ್ನು ಹೆಚ್ಚು ನೋಯಿಸಿದ್ದು ಬೇರೆಯೇ. ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಈ ಕರಾವಳಿಯ ಮೆಣಸಿನ ವ್ಯಾಪಾರದ ಬಗ್ಗೆ ಓದುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿದಿರಲಿಲ್ಲ. ಬಸ್ಸು ಹತ್ತಿದ ಮೇಲೆ ಹೊಳೆಯಿತು, ಇಷ್ಟು ಹೊತ್ತು ನಿಶಾ ನೆನಪಿಗೇ ಬರಲಿಲ್ಲ. ಮಗಳಿಗೆ ಹತ್ತಿರವಾಗಲೆಂದು ಹಿಡಿದ ಓದು ತನಗೇ ರುಚಿಸತೊಡಗಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಾರವಾಡದವರೆಗೂ ಅತ್ತಳು. ಆದರೂ ಮಾರನೆಯ ದಿನ ಹೋದಳು. ಆ ಪುಸ್ತಕ ಮುಗಿದಿರಲಿಲ್ಲ.

ಫಲಿತಾಂಶ ಬಂದಾಗ ಜಟ್ಟು ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದ. ಪಾಸಾಯಿತು ಎಂದು ಲತಾ ಅಂಕಪಟ್ಟಿಯನ್ನು ಅವನ ಕೈಗೆ ಕೊಟ್ಟಳು. ಅವನು ಕೈ ಒರೆಸಿಕೊಂಡು ಹಿಡಿದು, ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ.

"ಇದ್ರಲ್ಲಿ ನಿಶಾನ ಹೆಸರು ಎಲ್ಲಿದೆ?"

ಮಗಳ ಎಂ.ಎ.ಯನ್ನೇ ತಾನು ಮುಗಿಸುತ್ತಿದ್ದೇನೆಂದು ಇಷ್ಟು ದಿನ ಅವನು ಅಂದುಕೊಂಡಿದ್ದ ಎಂಬುದು ಲತಾಳಿಗೆ ಆಗ ತಿಳಿಯಿತು. ಪಕ್ಕದಲ್ಲಿ ಕುಳಿತಳು.

"ಇಲ್ಲ. ನನ್ನ ಹೆಸರೇ ಇದ್ದದು."

ಜಟ್ಟು ಹೌದಾ ಎಂದ. ಕಾಗದ ಮಡಚದಂತೆ ಜೋಪಾನವಾಗಿ ಅವಳ ಮಡಿಲಲ್ಲಿಟ್ಟ. ಬಲೆಯ ಹರಿದ ಕಡೆಯನ್ನು ಹುಡುಕುತ್ತಲೇ ಇದ್ದ, ಕಣ್ಣು ಮಂಜಾಗಿ ಅದು ಸಿಕ್ಕಲಿಲ್ಲ. ಲತಾ ಬಲೆಯ ಇನ್ನೊಂದು ತುದಿ ಹಿಡಿದು ಅವನಿಗೆ ತೋರಿಸಿದಳು.