ಓಕೆ ಎಂದರೆ ಬೇಡ

ಟೈಲರ್ ಮಾತಿನ ಮಲ್ಲ. ಅಳತೆ ಕೊಡಲು ಬಂದವರ ಮೂರು ತಲೆಮಾರಿನ ಸುದ್ದಿ ಕೇಳಿ, ತನ್ನ ನಾಲ್ಕು ತಲೆಮಾರಿನದನ್ನು ಹೇಳದೆ ಬಿಡುತ್ತಿರಲಿಲ್ಲ. ಅಂಥವನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಒಂಬತ್ತನೆಯ ದಿನ ಹೆಂಡತಿ ಬಾಯಿಗೆ ನೀರು ಹಿಡಿದಾಗ ನಾಲಿಗೆ ತಡವರಿಸಿ ಒಂದು ಮಾತು ಹೊರಬಿತ್ತು: "ಓಕೆ."

ಅವಳು ಹಿಗ್ಗಿ ಹೀರೇಕಾಯಿಯಾದಳು. ಸಂಜೆಯ ಹೊತ್ತಿಗೆ ಆ ಹಿಗ್ಗು ಇಳಿಯಿತು. ನೋವಾ ಎಂದರೂ ಓಕೆ, ಹಸಿವಾ ಎಂದರೂ ಓಕೆ, ನಾನ್ಯಾರು ಹೇಳಿ ನೋಡೋಣ ಎಂದರೂ ಓಕೆ.

"ಅವರಿಗೆ ಎಲ್ಲಾ ಅರ್ಥ ಆಗುತ್ತಮ್ಮ," ಎಂದರು ಡಾಕ್ಟರಮ್ಮ. "ಏನೋ ಹೇಳೋಕೆ ಹೊರಡ್ತಾರೆ, ಬಾಯಿಗೆ ಇದೊಂದೇ ಬರುತ್ತೆ."

"ಬರೋದು ಬಂತು, ನಮ್ಮ ಮಾತೊಂದು ಬರಬಾರದಿತ್ತಾ?" ಎಂದು ಗೊಣಗುತ್ತಲೇ ಅವಳು ಗಂಡನನ್ನು ಮನೆಗೆ ಕರೆತಂದಳು.

ಮನೆಯಲ್ಲಿ ಕಿವಿಗೊಟ್ಟು ಕೂತಳು. ಓಕೆಯನ್ನು ಎಳೆದು ಹೇಳಿದರೆ 'ಸಾಕು' ಎಂದರ್ಥ. ಮೂಗಿನಲ್ಲಿ ಬಂದರೆ ಸಾರಿಗೆ ಉಪ್ಪಿಲ್ಲ. ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಬಚ್ಚಲಿಗೆ, ತಡಮಾಡುವಂತಿಲ್ಲ. ಒಮ್ಮೆ ತಪ್ಪು ತಿಳಿದು ಬೆವರುತ್ತಿದ್ದವನ ಮೇಲೆ ಕಂಬಳಿಯ ಮೇಲೆ ಕಂಬಳಿ ಹೊದಿಸಿದಳು. ಅವನು ಓಕೆ ಓಕೆ ಎಂದು ಒದರಿ, ಕೊನೆಗೆ ನಕ್ಕುಬಿಟ್ಟ. ಲಕ್ವ ಹೊಡೆದ ಮೇಲೆ ನಕ್ಕದ್ದು ಅದೇ ಮೊದಲು.

ಮೂರನೆಯ ತಿಂಗಳು ಅವಳ ತಮ್ಮ ಒಬ್ಬ ಗಿರಾಕಿಯನ್ನು ಕರೆದುಕೊಂಡು ಬಂದ. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆಯ ಮಿಷನ್ ಬಟ್ಟೆ ಹೊದ್ದು ಕೂತಿತ್ತು.

"ಭಾವ, ಸುಮ್ನೆ ತುಕ್ಕು ಹಿಡೀತಿದೆ. ಇವರಿಗೆ ಕೊಟ್ಟುಬಿಡೋಣ್ವಾ?"

"ಓಕೆ."

ಇಬ್ಬರೂ ಮಿಷನ್ನಿಗೆ ಕೈಹಾಕಿದರು. ಅಡುಗೆಮನೆಯಿಂದ ಅವಳು ಒದ್ದೆ ಕೈಯಲ್ಲೇ ಓಡಿಬಂದಳು.

"ಬಿಡೋ ಅದನ್ನ!"

"ಅಕ್ಕಾ, ಭಾವನೇ ಓಕೆ ಅಂದ್ರಲ್ಲ!"

"ಅದು ಬೇಡ ಅಂದಿದ್ದು."

"ನಿಂಗೆ ಹೇಗೆ ಗೊತ್ತು?"

"ಮೂವತ್ತೊಂದು ವರ್ಷದಿಂದ ಇವರ ಬೇಡ ಕೇಳ್ತಿದ್ದೀನಿ. ಅದು ಬೇರೆ ಅಂಗಿ ತೊಟ್ಟು ಬಂದ್ರೆ ಗುರುತು ಸಿಗಲ್ವಾ?"

ಟೈಲರ್ ಎಡಗೈ ಚಾಚಿ ಅವಳ ಸೆರಗು ಹಿಡಿದುಕೊಂಡ. ಕಣ್ಣು ತುಂಬಿತ್ತು. ಅವಳ ತಮ್ಮ ತಲೆ ತಗ್ಗಿಸಿ ಗಿರಾಕಿಯನ್ನು ಕಳಿಸಿ ಬಂದ.

ಅದುವರೆಗೆ ಹೊಲಿಗೆಯಲ್ಲಿ ಅವಳ ಪಾಲಿಗೆ ಬಂದದ್ದು ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಅಷ್ಟೇ. ಮಾರನೆಯ ದಿನ ಎದುರುಮನೆಯ ನರ್ಸ್ ಹೊಸ ಯೂನಿಫಾರಂ ಬಟ್ಟೆ ತಂದಾಗ, ಅವಳು ಒಪ್ಪಿಕೊಂಡಳು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಟ್ಟೆ ಹರಡಿ ಸೀಮೆಸುಣ್ಣದ ಗೆರೆ ಎಳೆದಳು. ಕತ್ತರಿ ಎತ್ತಿದ್ದೇ ತಡ, "ಓಕೆ!" ಎಂದು ಗದರಿದ.

"ತೋಳು ಗಿಡ್ಡ ಆಯ್ತಾ?"

"ಓಕೆ." ಅದಲ್ಲ.

"ಕಂಕುಳು ಬಿಗಿಯಾ?"

"ಓಕೆ," ಎಂದ ಮೆತ್ತಗೆ. ಅವಳು ಗೆರೆ ಅಳಿಸಿ ಬೆರಳಗಲ ಬಿಟ್ಟು ಮತ್ತೆ ಎಳೆದಳು. ಮೂರು ದಿನ ಹೊಲಿದು, ಬಿಚ್ಚಿ, ಹೊಲಿದದ್ದಾಯಿತು. ನರ್ಸ್ ತೊಟ್ಟು ಕನ್ನಡಿ ಮುಂದೆ ಕೈ ಮೇಲೆತ್ತಿ ನೋಡಿದಳು. ಎಲ್ಲೂ ಎಳೆಯಲಿಲ್ಲ.

ವರ್ಷದೊಳಗೆ ಅಂಗಡಿ ಮೊದಲಿನಂತೆ ನಡೆಯತೊಡಗಿತು. ಟೈಲರ್‌ಗೂ ಇನ್ನೂ ನಾಲ್ಕೈದು ಮಾತು ಕೂಡಿಬಂದವು: ಕತ್ತರಿ, ದಾರ, ಬಿಸಿ, ಸಾಕು. ಹೆಂಡತಿಯನ್ನು ಕರೆಯುವುದು ಮಾತ್ರ ಓಕೆ ಎಂದೇ. ಅವಳು ಎಲ್ಲಿದ್ದರೂ "ಬಂದೇರೀ" ಎಂದು ಓಗೊಡುತ್ತಾಳೆ.