ಅರ್ಧ ಶುಲ್ಕದ ಸೀಟು

ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಕಟ್ಟಡ ವಿನ್ಯಾಸದ ತರಗತಿಯಲ್ಲಿ ಎಲ್ಲರಿಗೂ ಅವಳು ಗೋಂದಕ್ಕ. ಬೆರಳ ತುದಿಯಲ್ಲಿ ಸದಾ ಒಣಗಿದ ಗೋಂದಿನ ಸಿಪ್ಪೆ; ಮಾತಾಡುತ್ತಲೇ ಅದನ್ನು ಸುಲಿಯುತ್ತಿರುವುದು ಅವಳ ಚಾಳಿ. ತನಗಿಂತ ಎರಡು ವರ್ಷ ದೊಡ್ಡವರೂ ಅಕ್ಕ ಎಂದು ಕರೆದಾಗ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ಅಮ್ಮ ಆಸ್ಪತ್ರೆಯ ನರ್ಸುಗಳ ಸಮವಸ್ತ್ರ ಹೊಲಿಯುವವಳು. ಅಪ್ಪ ಇಲ್ಲ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದದ್ದರಿಂದ ದೊಡ್ಡ ನಗರದ ಆ ಖಾಸಗಿ ವಿಶ್ವವಿದ್ಯಾಲಯ ಮಗಳಿಗೆ ಅರ್ಧ ಶುಲ್ಕಕ್ಕೆ ಸೀಟು ಕೊಟ್ಟಿತ್ತು. ಉಳಿದರ್ಧಕ್ಕೆ ಬ್ಯಾಂಕಿನ ಸಾಲ. ಯಾವ ವಿಷಯದಲ್ಲೂ ಫೇಲಾಗಬಾರದು ಎಂಬುದೊಂದೇ ಷರತ್ತು. ಅಮ್ಮ ಆ ಪತ್ರವನ್ನು ಮೂರು ಸಲ ಓದಿಸಿ ಕೇಳಿ, "ಹುಟ್ಟಿದಾಗಿಂದ ನೀನು ಫೇಲಾಗಿಲ್ಲ. ಹಾಕು ಸಹಿ" ಎಂದಿದ್ದಳು.

ಪತ್ರದಲ್ಲಿ ಬರೆಯದ ಖರ್ಚುಗಳು ಒಂದೊಂದಾಗಿ ತಲೆ ಎತ್ತಿದವು. ತಿಂಗಳಿಗೊಂದು ಕಟ್ಟಡದ ಮಾದರಿ ಮಾಡಬೇಕು. ಅದಕ್ಕೆ ದಪ್ಪ ರಟ್ಟು, ತೆಳು ಮರದ ಪಟ್ಟಿ, ದಿನಕ್ಕೆರಡು ಬ್ಲೇಡು. ನಕ್ಷೆಗಳ ಆಳೆತ್ತರದ ಪ್ರಿಂಟು, ಒಂದು ಗೆರೆ ತಪ್ಪಿದರೆ ಇನ್ನೊಂದು. ವರ್ಷಕ್ಕೊಮ್ಮೆ ಹಳೆಯ ಕಟ್ಟಡ ನೋಡುವ ಪ್ರವಾಸ. ಅದೇನೂ ಕಡ್ಡಾಯವಲ್ಲ, ಅದರ ವರದಿಗೆ ಇಪ್ಪತ್ತು ಅಂಕ ಇದೆ ಅಷ್ಟೆ. ಅವಳಿದ್ದ ಬಾಡಿಗೆ ಕೋಣೆಯಲ್ಲಿ ಮೂರು ಮಂಚ, ಪಕ್ಕದ ಮನೆಯ ಗೋಡೆಗೆ ತೆರೆದುಕೊಳ್ಳುವ ಒಂದು ಕಿಟಕಿ. ಬಿಸಿನೀರಿಗೂ ಬೇರೆ ದುಡ್ಡು.

ಪಕ್ಕದ ಮೇಜಿನ ಹುಡುಗಿಯನ್ನು ಎಲ್ಲರೂ ಮಹಾರಾಣಿ ಅನ್ನುತ್ತಿದ್ದರು. ಕಾರಿನಲ್ಲಿ ಬರುತ್ತಿದ್ದಳು, ಕೈ ಧಾರಾಳ, ಮನಸ್ಸು ಒಳ್ಳೆಯದು. ಒಂದು ದಿನ ಅವಳೇ ಕೇಳಿದಳು: "ಗೋಂದಕ್ಕಾ, ನಂಗೆ ಈ ಬ್ಲೇಡ್ ಹಿಡಿಯೋಕೇ ಬರಲ್ಲ ಕಣೆ. ಈ ಮೆಟ್ಟಿಲೊಂದು ಮಾಡ್ಕೊಡು. ಎಷ್ಟಾಗುತ್ತೋ ಕೊಡ್ತೀನಿ."

ಮೆಟ್ಟಿಲು ಮುಗಿದ ಮೇಲೆ ಗೋಡೆ ಬಂತು, ಗೋಡೆಯ ಹಿಂದೆ ಇಡೀ ಮನೆ ಬಂತು. ಎರಡನೇ ವರ್ಷದ ಹೊತ್ತಿಗೆ ನಾಲ್ಕು ಜನ ಗಿರಾಕಿಗಳು. ಪ್ರಿಂಟಿನ ದುಡ್ಡಿಗೆ ಅಮ್ಮನ ಮುಂದೆ ಕೈ ಚಾಚುವುದು ತಪ್ಪಿತಲ್ಲ ಎಂದು ಗೋಂದಕ್ಕ ತಲೆ ಬಗ್ಗಿಸಿ ಕತ್ತರಿಸುತ್ತಾ ಹೋದಳು.

ಆ ವರ್ಷದ ಕೊನೆಯ ಪರೀಕ್ಷೆಗೆ ಇಳಿಜಾರಿನಲ್ಲಿ ನಿಲ್ಲುವ ಗ್ರಂಥಾಲಯದ ಮಾದರಿ ಮಾಡಬೇಕಿತ್ತು. ನಾಲ್ವರದೂ ಮುಗಿಸಿ ತನ್ನದಕ್ಕೆ ಕೂತಾಗ ಉಳಿದಿದ್ದು ಒಂದು ಭಾನುವಾರ. ಗೋಡೆಗಳೆದ್ದವು, ಚಾವಣಿ ಏಳಲಿಲ್ಲ.

ಸೋಮವಾರ ಹೊರಗಿನಿಂದ ಬಂದ ಪರೀಕ್ಷಕರು ಮಹಾರಾಣಿಯ ಮೇಜಿನ ಮುಂದೆ ನಿಂತುಬಿಟ್ಟರು. "ಎಲ್ರೂ ಬನ್ನಿ ಇಲ್ಲಿ. ಕೈಕೆಲಸ ಅಂದ್ರೆ ಇದು, ನೋಡ್ಕೊಳ್ಳಿ" ಎಂದರು. ಎಲ್ಲರೂ ಬಂದು ನೋಡಿದರು. ಗೋಂದಕ್ಕನೂ ನೋಡಿದಳು. ಮಹಾರಾಣಿ ನೆಲ ನೋಡುತ್ತಿದ್ದಳು.

ಆಮೇಲೆ ಅವರು ಪಕ್ಕದ ಮೇಜಿಗೆ ಬಂದರು.

"ಚಾವಣಿ ಎಲ್ಲಮ್ಮ?"

"ಮುಗಿದಿಲ್ಲ ಸರ್."

"ಇಡೀ ಸೆಮಿಸ್ಟರ್ ಏನ್ ಮಾಡ್ತಿದ್ದೆ?"

ಉತ್ತರ ಎರಡಡಿ ಆಚೆ ಮೇಜಿನ ಮೇಲೇ ಕೂತಿತ್ತು. ಅವಳು ಬೆರಳ ತುದಿಯ ಗೋಂದು ಸುಲಿಯುತ್ತಾ ನಿಂತಳು. ಒಳಗೆಲ್ಲ ಜೋಮು ಹಿಡಿದಂತಿತ್ತು. ಚಿವುಟಿಕೊಂಡರೂ ತಿಳಿಯದಂಥ ಜೋಮು.

ಹೊರಗೆ ಬಂದ ಮೇಲೆ ಮಹಾರಾಣಿ ಅವಳ ಕೈ ಹಿಡಿದುಕೊಂಡಳು. "ನಾನು ಹೋಗಿ ಹೇಳ್ಬಿಡ್ತೀನಿ ಕಣೆ. ನೀನೇ ಮಾಡಿದ್ದು ಅಂತ."

"ಹೇಳಿದ್ರೆ ಇಬ್ರೂ ಫೇಲು. ಸುಮ್ನಿರು."

ಮಹಾರಾಣಿ ಗೊಳೋ ಎಂದು ಅತ್ತಳು. ಗೋಂದಕ್ಕ ಕರವಸ್ತ್ರ ಕೊಟ್ಟು ಪಕ್ಕದಲ್ಲಿ ನಿಂತಳು. ಅಳಬೇಕಾದವಳು ತಾನಲ್ಲವೇ ಅನ್ನಿಸಿತು. ಅನ್ನಿಸಿತು, ಅಷ್ಟೆ.

ಫಲಿತಾಂಶ ಬಂದಾಗ ಕಚೇರಿಯ ಗುಮಾಸ್ತೆ ಒಂದು ಹಾಳೆ ಮುಂದೆ ತಳ್ಳಿದಳು. "ಇನ್ಮೇಲೆ ಪೂರ್ತಿ ಶುಲ್ಕ ಕಟ್ಬೇಕಮ್ಮ. ಕಟ್ಟಿದ್ರೆ ಓದಬಹುದು." ಹಿಂದಿದ್ದವರಿಗೆ ಜಾಗ ಬಿಟ್ಟು ಈಚೆ ಬಂದು ಅಮ್ಮನಿಗೆ ಫೋನ್ ಮಾಡಿದಳು. ಹೇಳಬೇಕಾದ್ದು ನಾಲ್ಕು ಮಾತು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಊಟ ಮಾಡಿದ್ಯಾ?" ಅಮ್ಮ ಕೇಳಿದಳು.

"ಹ್ಞೂಂ."

"ಮಷಿನ್ ಮಾರೋಣ್ವಾ?"

"ಮಾರಿ ನೀನೇನಮ್ಮ ಮಾಡ್ತೀಯ?"

"ಹಾಗಾದ್ರೆ ಬಂದ್ಬಿಡು ಪುಟ್ಟಿ."

"ಇಲ್ಲೇ ಏನಾದ್ರೂ ಕೆಲಸ ನೋಡ್ತೀನಿ. ಸಾಲ ಇದ್ಯಲ್ಲ."

ವಿಶ್ವವಿದ್ಯಾಲಯದ ಗೇಟಿನ ಎದುರು ನಕ್ಷೆ ಪ್ರಿಂಟ್ ಮಾಡಿಕೊಡುವ ಅಂಗಡಿಯಿತ್ತು. ಅದರ ಯಜಮಾನ, ಹುಡುಗರ ಬಾಯಲ್ಲಿ ಪ್ರಿಂಟಣ್ಣ, ಎರಡು ವರ್ಷ ಅವಳ ಕೈಕೆಲಸ ನೋಡಿದ್ದವನು. ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಸಿ, "ಕಾಗದ ನಂದು, ಕೈ ನಿಂದು. ಬಂದಿದ್ರಲ್ಲಿ ಅರ್ಧರ್ಧ" ಎಂದ. ಹೀಗೆ ಅವಳು ಗೇಟಿನ ಈಚೆ ಕೂತಳು. ಅವಳ ತರಗತಿ ಮೂರನೇ ವರ್ಷಕ್ಕೆ ಹೋಯಿತು, ನಾಲ್ಕನೆಯದಕ್ಕೆ ಹೋಯಿತು. ಬೆಳಿಗ್ಗೆ ಎದ್ದು ಬಂದು ಕತ್ತರಿಸಿ ಅಂಟಿಸಿ, ಸಂಜೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೋಣೆಗೆ ಹೋಗುತ್ತಿದ್ದಳು. ಬೇಸರವಾಗುತ್ತದಾ ಎಂದು ಯಾರಾದರೂ ಕೇಳಿದರೆ ಒಂದು ಗಳಿಗೆ ಯೋಚಿಸಿ, ಇಲ್ಲ ಎನ್ನುತ್ತಿದ್ದಳು. ಸುಳ್ಳೇನೂ ಅಲ್ಲ.

ಒಂದು ಭಾನುವಾರ ಹೇಳದೆ ಕೇಳದೆ ಅಮ್ಮ ಬಸ್ಸು ಹತ್ತಿ ಬಂದಳು. ಮೇಜಿನ ಮೇಲೆ ನಾಲ್ಕು ಅಂತಸ್ತಿನ ಆಸ್ಪತ್ರೆಯ ಮಾದರಿ ಇತ್ತು. ಅಮ್ಮ ಕನ್ನಡಕ ಏರಿಸಿ, ಬಗ್ಗಿ, ಎರಡು ಗೋಡೆ ಸೇರುವ ಅಂಚಿಗೆ ಉಗುರು ತಾಗಿಸಿದಳು. "ಜೋಡಣೆ ಕಾಣಲ್ಲ. ಪರವಾಗಿಲ್ಲ" ಎಂದಳು. ಅಮ್ಮನ ಬಾಯಲ್ಲಿ ಪರವಾಗಿಲ್ಲ ಎಂದರೆ ದೊಡ್ಡ ಮಾತು. ಆಮೇಲೆ ಕಟ್ಟಡದ ಅಳತೆ ತಿಳಿಯಲೆಂದು ಬಾಗಿಲ ಬಳಿ ಅಂಟಿಸಿದ್ದ ಉಗುರುದ್ದದ ಬಿಳಿ ಕಾಗದದ ಮನುಷ್ಯರನ್ನು ದಿಟ್ಟಿಸಿ, "ಇದೇನೇ, ಆಸ್ಪತ್ರೆಗೆ ಬಂದೋರ ಮೈಮೇಲೆ ಒಂದು ಬಟ್ಟೇನೂ ಇಲ್ವಲ್ಲೇ!" ಎಂದು ನಿಜವಾದ ಗಾಬರಿಯಿಂದ ಕೇಳಿದಳು.

ಗೋಂದಕ್ಕನಿಗೆ ನಗು ಬಂತು. ಶುರುವಾದದ್ದು ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು ಕೂತಳು, ಕಣ್ಣಲ್ಲಿ ನೀರು ಬಂತು, ಆ ನೀರು ನಗು ಮುಗಿದ ಮೇಲೂ ಹರಿಯಿತು. ಅಮ್ಮ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಮೇಜಿನ ಮೇಲಿನ ಚೂರುಗಳನ್ನು ದೊಡ್ಡದು ಬೇರೆ ಸಣ್ಣದು ಬೇರೆ ಎಂದು ಆರಿಸತೊಡಗಿದಳು.

ಅಂಗಡಿ ಸೇರಿದ ಆರನೇ ವರ್ಷಕ್ಕೆ ಸಾಲ ತೀರಿತು. ಡಿಗ್ರಿ ಕೊನೆಗೂ ಕೈಗೆ ಬರಲಿಲ್ಲ. ಈಗ ಆ ಹಿಂದಿನ ಕೋಣೆಯಲ್ಲಿ ಮೂರು ಮೇಜುಗಳಿವೆ.