ಮೂರು ರೊಟ್ಟಿಯ ಶರತ್ತು

ಬೈಲಹೊಂಗಲದ ಕಾಲೇಜಿಗೆ ಮಾಸ್ತರನಾಗಿ ಸೇರಿದ ದಿನದಿಂದ ನನ್ನ ಹೊಟ್ಟೆಯ ಜವಾಬ್ದಾರಿ ಬಸ್ ನಿಲ್ದಾಣದ ಹಿಂದಿನ ಒಂದು ಖಾನಾವಳಿಯದು. ಅದರ ಒಡತಿಯನ್ನು ಇಡೀ ಓಣಿ ಅಕ್ಕ ಎನ್ನುತ್ತದೆ. ಚಚಡಿ ಕಡೆಯ ಹೆಣ್ಣುಮಗಳು. ದನಿ ದೊಡ್ಡದು, ಕೈ ಇನ್ನೂ ದೊಡ್ಡದು. ಅಲ್ಲಿನ ಕಾಯಿದೆ ಒಂದೇ. ಉಣ್ಣುವವನು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು ‘ಸಾಕ್ರಿ’ ಎನ್ನುವ ತನಕ ರೊಟ್ಟಿ ಬೀಳುತ್ತಲೇ ಇರಬೇಕು. ಮನೋಳಿ ಕಡೆಯ ಬದನೆಕಾಯಿಯ ಎಣ್ಣೆಗಾಯಿಯಲ್ಲಿ ಮೈಮರೆತರೆ ಮುಗಿಯಿತು, ಇನ್ನೊಂದು ಬಿದ್ದಿರುತ್ತದೆ. ಹಾಗೆ ಮೈಮರೆಯುವುದನ್ನು ನಾನು ಬಹುಬೇಗ ರೂಢಿಸಿಕೊಂಡೆ.

ಇಂಥ ಖಾನಾವಳಿ ಮುಳುಗುವ ಹಂತಕ್ಕೆ ಬಂದದ್ದು ರೊಟ್ಟಿಯಿಂದಲ್ಲ, ತಂಪಿನಿಂದ. ದಿನಾ ನಮ್ಮ ಜೊತೆ ಉಣ್ಣುತ್ತಿದ್ದ ಬ್ಯಾಂಕ್ ಅಧಿಕಾರಿಯೊಬ್ಬರು ಅಕ್ಕನ ತಲೆಗೆ ಹುಳ ಬಿಟ್ಟರು: ‘ಬಿಜಿನೆಸ್ ಬೆಳಸ್ಬೇಕ್ರಿ ಅಕ್ಕಾರ. ಒಂದು ಏಸಿ ಹಾಲ್ ಕಟ್ಟಸ್ರಿ. ಸಾಲ ನಮ್ಮ ಬ್ಯಾಂಕ್ ಕೊಡತೈತಿ.’ ಈ ಬೆಳೆಸುವ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಉಣ್ಣುವವರಿಗೆ ಇದ್ದದ್ದೇ ಸಾಕಾಗಿತ್ತು.

ಹಾಲ್ ಎದ್ದಿತು, ಒಳಗೆ ಹೋಗುವವರು ಏಳಲಿಲ್ಲ. ತುಸು ಕೆಂಪು ಮೆಣಸಿನಕಾಯಿಯ ರಂಜಕ ನಾಲಿಗೆಗೆ ತಾಗಿಸಿ, ಖಾರಕ್ಕೆ ಮೂಗು ಸೋರಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಉಣ್ಣುವುದೇ ನಮ್ಮ ಕಡೆಯ ಸುಖ. ಏಸಿಯಲ್ಲಿ ಕುಳಿತರೆ ಬೆವರೇ ಬರುವುದಿಲ್ಲ, ಉಂಡಂತೆಯೇ ಅನಿಸುವುದಿಲ್ಲ. ಆ ಬ್ಯಾಂಕ್ ಸಾಹೇಬರೊಬ್ಬರೇ ಟೈ ಸಡಿಲಿಸದೆ, ಗಾಜಿನ ಕಪಾಟಿನ ಸಿಹಿತಿಂಡಿಯಂತೆ ಅಲ್ಲಿ ಕುಳಿತಿರುತ್ತಿದ್ದರು. ಸಾಲದ ಕಂತು ಮತ್ತು ಕರೆಂಟ್ ಬಿಲ್ಲು ಮಾತ್ರ ತಪ್ಪದೆ ಬರುತ್ತಿದ್ದವು.

ಒಂದು ಮಧ್ಯಾಹ್ನ ಅಕ್ಕ ಖಾನಾವಳಿ ಮುಚ್ಚುವ ಮಾತಾಡಿದಳು. ಇನ್ನು ನನ್ನ ತಾಟಿನ ಗತಿ ಏನು? ಒಲೆಯ ಮುಂದೆ ನನಗೆ ನೀರು ಕಾಯಿಸುವುದಷ್ಟೇ ಗೊತ್ತು. ಸಾಹೇಬರು ಗಂಭೀರವಾಗಿ ಹೇಳಿದರು: ‘ಹಿಂಗ ಬಿಡಾಕ ಬರೂದಿಲ್ರಿ. ಇದಕ್ಕ ಬೇಲೌಟ್ ಆಗಬೇಕು.’

ಅಕ್ಕನ ಕಿವಿಗೆ ಅದು ‘ಬೈಲ’ ಎಂದು ಬಿತ್ತು. ನಮ್ಮ ಕಡೆ ಬೈಲಕಡೆ ಹೋಗುವುದೆಂದರೆ ತಂಬಿಗೆ ಹಿಡಿದು ಹೋಗುವ ಕೆಲಸ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ‘ಥೂ! ನಾಕ ಮಂದಿ ಉಣ್ಣೂ ಹೊತ್ತಿನ್ಯಾಗ ಎಂಥಾ ಮಾತ ತಗೀತೀರಿ ಸಾಹೇಬ್ರ. ಹೊಟ್ಟಿ ಕೆಟ್ಟಿದ್ರ ಮಜ್ಜಿಗಿ ಕುಡೀರಿ.’

ಯರಗಟ್ಟಿಯಿಂದ ಜೋಳದ ಚೀಲ ತರುವ ಟೆಂಪೊ ಚಾಲಕ, ನಮ್ಮ ಮೂರನೆಯ ಕಾಯಂ ಗಿರಾಕಿ, ನಕ್ಕೂ ನಕ್ಕೂ ಸಾರು ನೆತ್ತಿಗೇರಿಸಿಕೊಂಡ. ಸಾಹೇಬರು ಬಿಡಿಸಿ ಹೇಳಿದರು: ದೊಡ್ಡ ಕಂಪನಿ ಮುಳುಗಿದರೆ ಅದನ್ನು ನಂಬಿದವರೂ ಮುಳುಗುತ್ತಾರೆ, ಅದಕ್ಕೇ ಸರಕಾರ ಅದನ್ನು ಕೈಹಿಡಿದು ಎತ್ತುತ್ತದೆ.

‘ನಾನೂ ದೊಡ್ಡಾಕಿನ ಅದೇನಿ. ಎತ್ತೂದು ನಿಮ್ಮ ಮೂರು ಮಂದಿ ಕೈಲೆ ಆಗತೈತೇನು?’ ಎಂದಳು ಅಕ್ಕ.

ಎತ್ತಿದೆವು. ಮೂವರೂ ವರ್ಷದ ಊಟದ ಹಣವನ್ನು ಮುಂಗಡ ಕೊಟ್ಟೆವು. ಹಣ ಕೊಟ್ಟ ಮೇಲೆ ಶರತ್ತು ಬೇಕಲ್ಲ. ಸಾಹೇಬರು ಕರಿಹಲಗೆ ತರಿಸಿ ತಾವೇ ಬರೆದರು: ‘ಒಬ್ಬರಿಗೆ ಮೂರು ರೊಟ್ಟಿ ಮಾತ್ರ.’ ನಾವು ಮೂವರು ಸಂಚಾಲಕರು, ಮೂಲೆಯ ಟೇಬಲ್ಲು ನಮ್ಮದು. ಈ ಶರತ್ತು ಸಂಚಾಲಕರಿಗೆ ಅನ್ವಯಿಸುವುದಿಲ್ಲ ಎಂಬ ಠರಾವನ್ನು ನಾನೇ ಮಂಡಿಸಿದೆ, ಟೆಂಪೊ ಚಾಲಕ ಅನುಮೋದಿಸಿದ. ಪರಿಸ್ಥಿತಿ ಪರಿಶೀಲಿಸಲು ದಿನಾ ಸಂಜೆ ಸಭೆ ಸೇರುತ್ತಿದ್ದೆವು. ಸಭೆಗೆ ಮಿರ್ಚಿಭಜಿ ಬೇಕಾಗುತ್ತಿತ್ತು. ನಿಜ ಹೇಳಬೇಕೆಂದರೆ ಖಾನಾವಳಿಯನ್ನು ಉಳಿಸುವ ಕೆಲಸ ಬಹಳ ರುಚಿಯಾಗಿತ್ತು.

ಅದು ಉಳಿಯುವ ಲಕ್ಷಣ ಮಾತ್ರ ಕಾಣಲಿಲ್ಲ. ಸವದತ್ತಿ ಕಡೆಯಿಂದ ಹತ್ತಿ ಮಾರಲು ಬಂದವರು ಮೂರನೆಯ ರೊಟ್ಟಿ ಮುಗಿಸಿ ತಲೆಯೆತ್ತಿ ನೋಡುತ್ತಿದ್ದರು, ಅಕ್ಕ ಮುಖ ತಿರುಗಿಸುತ್ತಿದ್ದಳು. ಅವರು ಮತ್ತೆ ಬರುತ್ತಿರಲಿಲ್ಲ. ‘ಹಸದಾವ್ರನ್ನ ಎಬ್ಬಿಸಿ ಕಳಸೂದು ನನ್ನ ಕೈಲೆ ಆಗೂದಿಲ್ರಿ ಸರ. ಇದು ನನ್ನ ಖಾನಾವಳಿ ಅಂತ ಅನಸವಲ್ದು,’ ಎಂದು ಒಮ್ಮೆ ನನ್ನ ಹತ್ತಿರ ಹೇಳಿದಳು. ಆಕೆಯ ದನಿ ಅಷ್ಟು ಸಣ್ಣದಾದದ್ದನ್ನು ಅದೇ ಮೊದಲ ಸಲ ಕೇಳಿದ್ದು. ನನಗೆ ಕೆಟ್ಟದೆನಿಸಿತು. ಆದರೂ ಸಂಜೆಯ ಸಭೆ ತಪ್ಪಿಸಲಿಲ್ಲ.

ಅಷ್ಟರಲ್ಲಿ ಸಾಹೇಬರ ಬ್ಯಾಂಕೇ ಮುಳುಗುತ್ತಿದೆ ಎಂಬ ಸುದ್ದಿ ಬಂತು. ದೊಡ್ಡ ದೊಡ್ಡವರಿಗೆ ಕೊಟ್ಟ ಸಾಲ ವಾಪಸು ಬಂದಿಲ್ಲವಂತೆ. ಬೇರೊಂದು ಬ್ಯಾಂಕು ಕೈಹಿಡಿದು ಎತ್ತುವವರೆಗೆ ಠೇವಣಿ ಇಟ್ಟವರಿಗೂ ಹಣ ಸಿಗುವುದಿಲ್ಲವಂತೆ. ಜನ ಬ್ಯಾಂಕಿನ ಮುಂದೆ ಜಮಾಯಿಸಿ ಸಾಹೇಬರ ಜನ್ಮ ಜಾಲಾಡಿದರು. ಆ ದಿನ ಊಟದ ಹೊತ್ತು ಮೀರಿದ ಮೇಲೆ ಅವರು ಖಾನಾವಳಿಗೆ ಬಂದರು. ಕೊರಳಲ್ಲಿ ಟೈ ಇರಲಿಲ್ಲ. ಏಸಿ ಹಾಲಿಗೆ ಹೋಗಲಿಲ್ಲ, ಸಂಚಾಲಕರ ಟೇಬಲ್ಲಿಗೂ ಬರಲಿಲ್ಲ; ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕುಳಿತರು.

‘ಏನ್ರಿ ಸಾಹೇಬ್ರ, ನಿಮ್ಮ ಬ್ಯಾಂಕಿಗೂ ಬೈಲಕಡಿ ಹತ್ತೇತಂತಲ್ಲ?’ ಎಂದ ಟೆಂಪೊ ಚಾಲಕ. ಅವರು ನಗಲಿಲ್ಲ.

ಅಕ್ಕ ಬುಟ್ಟಿ ತಂದಳು. ಮೂರು ರೊಟ್ಟಿ ಹಾಕಿ ಅಲ್ಲೇ ನಿಂತಳು. ಸಾಹೇಬರು ಮೂರನ್ನೂ ಮುಗಿಸಿ ತಲೆಯೆತ್ತಿದರು, ಸವದತ್ತಿ ಕಡೆಯವರು ಎತ್ತುತ್ತಿದ್ದ ಹಾಗೆಯೇ.

‘ಮೂರಾದ್ವು. ಹಲಗಿ ಓದ್ರಿ. ಅಕ್ಷರ ನಿಮ್ಮವ ಅದಾವ,’ ಎಂದಳು ಅಕ್ಕ.

ನಾನು ನಗು ತಡೆಯಲಾರದೆ ಮಜ್ಜಿಗೆಯ ಲೋಟಕ್ಕೆ ಮುಖ ತೂರಿಸಿದೆ.

‘ಮುಂಜಾನಿಂದ ಬರೇ ಬೈಗಳಾ ತಿಂದೇನ್ರಿ ಅಕ್ಕಾರ,’ ಎಂದರು ಸಾಹೇಬರು.

ನನ್ನ ನಗು ಅಲ್ಲೇ ನಿಂತಿತು. ಅಕ್ಕ ಬುಟ್ಟಿ ಕೆಳಗಿಟ್ಟಳು. ಆಮೇಲೆ ಹಲಗೆಯ ಹತ್ತಿರ ಹೋಗಿ, ಹಿಟ್ಟು ಮೆತ್ತಿದ ಅಂಗೈಯಿಂದ ಸರಕ್ಕನೆ ಒರೆಸಿಬಿಟ್ಟಳು.

‘ಉಣ್ರಿ. ಆದ್ರ ನಂದೂ ಒಂದು ಶರತ್ತ ಐತಿ. ನಾಳೆ ಆ ಏಸಿ ಕಿತ್ತು ಮಾರಿ ಬರ್ರಿ. ಆ ಹಾಲಿನ್ಯಾಗ ಜೋಳದ ಚೀಲಾ ಇಡತೇನಿ.’ ನಂತರ ನಮ್ಮ ಟೇಬಲ್ಲಿನತ್ತ ತಿರುಗಿದಳು. ‘ನೀವಿಬ್ರೂ ಕೇಳ್ರಿ. ಖಾನಾವಳಿ ಉಳಿಸಿದ್ದು ಸಾಕು. ಇನ್ನ ಮಿರ್ಚಿಭಜಿಗೆ ರೊಕ್ಕಾ ಇಡ್ರಿ.’

ದನಿ ಮತ್ತೆ ಮೊದಲಿನಷ್ಟೇ ದೊಡ್ಡದಾಗಿತ್ತು. ಬಾಯಿ ತುಂಬಿದ್ದರಿಂದ ಸಾಹೇಬರು ತಲೆಯಾಡಿಸಿ ಒಪ್ಪಿಕೊಂಡರು. ಅವರ ತಾಟಿಗೆ ರೊಟ್ಟಿ ಬೀಳುತ್ತಲೇ ಹೋಯಿತು. ಎಷ್ಟನೆಯದಕ್ಕೆ ಅವರ ಕೈ ಅಡ್ಡ ಬಂತೋ ಯಾರೂ ಎಣಿಸಲಿಲ್ಲ. ಎಣಿಸುವವರೇ ಉಣ್ಣುತ್ತಿದ್ದರಲ್ಲ.